ಬಿಳಿ ವೈನ್‌ಗೆ ಗಾಳಿ ಬೇಕಾ? ಮನೆಯಲ್ಲೇ ನೋಡಿ

ಓಕ್ ಮರದ ಪೀಪಾಯಿಯಲ್ಲಿ ಇಟ್ಟ ವೈನ್‌ಗೆ ವೆನಿಲಾ, ಕೊಬ್ಬರಿ, ಸುಟ್ಟ ಬ್ರೆಡ್ಡಿನ ವಾಸನೆ ಸೇರಿಕೊಳ್ಳುತ್ತದೆ. ಸ್ಟೀಲ್ ಟ್ಯಾಂಕ್‌ನಲ್ಲಿ ಹುದುಗಿ ನೇರ ಬಾಟಲಿ ಸೇರಿದ ವೈನ್‌ನಲ್ಲಿ ಹಣ್ಣಿನ ಪರಿಮಳ, ಹುಳಿಯದ್ದೇ ಕಾರುಬಾರು. ಸೊವಿನ್ಯೋನ್ ಬ್ಲಾಂಕ್, ಶೆನಿನ್ ಬ್ಲಾಂಕ್ ಎಂಬ ಬಿಳಿ ದ್ರಾಕ್ಷಿಗಳ ವೈನ್‌ಗಳು ಹೆಚ್ಚಾಗಿ ಈ ಬಗೆಯವು. ಫ್ರಾನ್ಸಿನ ಶಾಬ್ಲಿ ಎಂಬ ಬಿಳಿ ವೈನೂ ಬಹುಮಟ್ಟಿಗೆ ಹೀಗೇ. ಡಿಕ್ಯಾಂಟ್ ಮಾಡುವುದು, ಅಂದರೆ ಜಗ್ಗಿಗೆ ಸುರಿದು ಗಾಳಿಯಾಡಿಸುವುದು, ಕೆಂಪು ವೈನ್‌ಗೆ ಮಾತ್ರ ಅನ್ನುವವರೇ ಜಾಸ್ತಿ. ಇಂಥ ಓಕ್ ತಾಗದ ಬಿಳಿಗೂ ಮಾಡಬಹುದು, ಆದರೆ ಅಳತೆಯಲ್ಲಿ.

ಮೊದಲು ಮೂಗಿಗೆ ಅಭ್ಯಾಸ. ರುಚಿ ನೋಡುವ ದಿನ ಬೆಳಿಗ್ಗೆ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗಿ ಸೀಬೆ, ನಿಂಬೆ, ಚಕ್ಕೋತ, ಅನಾನಸ್ ಒಂದೊಂದನ್ನೇ ಮೂಸಿ. ಅಂಗಡಿಯವರು ವಿಚಿತ್ರವಾಗಿ ನೋಡಿದರೆ ನೋಡಲಿ! ಸಂಜೆ ಮನೆಯಲ್ಲಿ ಊದುಬತ್ತಿ ಹಚ್ಚಬೇಡಿ, ಮಲ್ಲಿಗೆಯನ್ನೂ ದೂರವಿಡಿ. ಮೈಸೂರು ಪಾಕ್ ಅಂತೂ ಬೇಡವೇ ಬೇಡ. ಸಿಹಿ ತಿಂದ ಬಾಯಿಗೆ ಸಿಹಿಯಿಲ್ಲದ ವೈನ್ ಬರೀ ಹುಳಿ.

ಇಂಥ ಒಂದು ಬಿಳಿ ವೈನ್ ಬಾಟಲಿಯನ್ನು ಮೂರು ಗಂಟೆ ಫ್ರಿಜ್‌ನಲ್ಲಿಡಿ. ಕುಡಿಯುವಾಗ 8ರಿಂದ 10 ಡಿಗ್ರಿ ಸೆಲ್ಸಿಯಸ್ ಇದ್ದರೆ ಚೆನ್ನ. ಅದಕ್ಕಿಂತ ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ. ಒಂದು ಗಾಜಿನ ಜಗ್ಗನ್ನೂ ಜೊತೆಗೇ ತಂಪು ಮಾಡಿಕೊಳ್ಳಿ, ದುಬಾರಿ ಡಿಕ್ಯಾಂಟರ್ ಬೇಕಿಲ್ಲ. ಅರ್ಧ ವೈನನ್ನು ಸ್ವಲ್ಪ ಎತ್ತರದಿಂದ ಜಗ್ಗಿಗೆ ಸುರಿಯಿರಿ. ಉಳಿದರ್ಧ ಬಾಟಲಿಯಲ್ಲೇ ಇರಲಿ, ಮುಚ್ಚಳ ಹಾಕಿ.

ಈಗ ಮುಖ್ಯವಾದ ಮಾತು. ಜಗ್ಗು ಮತ್ತು ಬಾಟಲಿ ಎರಡನ್ನೂ ಒಂದೇ ತಂಪು ನೀರಿನ ಪಾತ್ರೆಯಲ್ಲಿ ನಿಲ್ಲಿಸಿ. ಏಪ್ರಿಲ್‌ನ ಮೈಸೂರಲ್ಲಿ ಮೇಜಿನ ಮೇಲಿಟ್ಟ ಜಗ್ಗು ಬೇಗ ಬಿಸಿಯೇರುತ್ತದೆ. ಆ ಬಿಸಿಯಿಂದಲೂ ಪರಿಮಳ ಹೆಚ್ಚುತ್ತದೆ, ನಾವು ಸುಮ್ನೆ ಎಲ್ಲಾ ಗಾಳಿಯಿಂದ ಅಂದುಕೊಳ್ಳುತ್ತೇವೆ. ಎರಡೂ ಒಂದೇ ತಂಪಲ್ಲಿದ್ದರೆ ತಾನೇ ಹೋಲಿಕೆ?

ಹತ್ತು ನಿಮಿಷ ಬಿಟ್ಟು ಎರಡು ಗ್ಲಾಸಿಗೆ ಸ್ವಲ್ಪ ಸ್ವಲ್ಪ ಹಾಕಿ. ಮೊದಲು ಅಲುಗಾಡಿಸದೆ ಮೂಸಿ, ಆಮೇಲೆ ತಿರುಗಿಸಿ ಮೂಸಿ. ಒಂದು ಗುಟುಕು ಬಾಯಿತುಂಬ ಆಡಿಸಿ. ಉಗಿದರೂ ತಪ್ಪಿಲ್ಲ.

ಬಾಟಲಿಯದರಲ್ಲಿ ಕೆಲವೊಮ್ಮೆ ಬೆಂಕಿಕಡ್ಡಿ ಗೀರಿದಂಥ ಅಥವಾ ಬೇಯಿಸಿದ ಮೊಟ್ಟೆಯಂಥ ವಾಸನೆ ಬರುತ್ತದೆ. ಗಂಧಕದ ಅಂಶಗಳ ಕೆಲಸ ಇದು. ತಿರುಪು ಮುಚ್ಚಳದ ಬಾಟಲಿಯೊಳಗೆ ಗಾಳಿ ತೀರಾ ಕಡಿಮೆ ಹೋಗುವುದರಿಂದ ಅಲ್ಲಿ ಇದು ಉಳಿದುಕೊಳ್ಳುವುದು ಹೆಚ್ಚು. ಜಗ್ಗಿನಲ್ಲಿ ಎಷ್ಟೋ ಸಲ ಇದು ಹಾರಿಹೋಗಿ ಕೆಳಗಿನ ಹಣ್ಣಿನ ಪರಿಮಳ ಮೇಲೆ ಬರುತ್ತದೆ. ವೈನ್‌ನಲ್ಲಿ ಕರಗಿದ್ದ ಇಂಗಾಲದ ಡೈಆಕ್ಸೈಡ್ ಕೂಡ ಸ್ವಲ್ಪ ಹೋಗುವುದರಿಂದ ನಾಲಿಗೆಯ ಮೇಲಿನ ಚುರುಚುರು ತಗ್ಗಿ, ಹುಳಿ ಮೆತ್ತಗಾದಂತೆ ಅನ್ನಿಸುತ್ತದೆ. ನನಗೆ ಶಾಬ್ಲಿ ಹೀಗೆಯೇ ಇಷ್ಟ.

ಸೊವಿನ್ಯೋನ್ ಬ್ಲಾಂಕ್‌ಗೆ ಮಾತ್ರ ಹುಷಾರು. ಅದರ ಸೀಬೆ, ಚಕ್ಕೋತದ ಪರಿಮಳ ಕೊಡುವ ಥಯಾಲ್ ಎಂಬ ಅಂಶಗಳೂ ಗಂಧಕದವೇ. ಆಮ್ಲಜನಕ ತಗುಲಿದರೆ ಅವೂ ಕಳೆಯುತ್ತವೆ. ಇಪ್ಪತ್ತು, ನಲವತ್ತು ನಿಮಿಷಕ್ಕೆ ಮತ್ತೆ ಮೂಸಿ ನೋಡಿ. ಪರಿಮಳ ಮಂಕಾಯಿತು ಅನ್ನಿಸಿದರೆ ಮುಂದಿನ ಸಲ ಜಗ್ಗು ಬೇಡ, ಗ್ಲಾಸಿನಲ್ಲಿ ತಿರುಗಿಸಿದರೆ ಸಾಕು. ಉಳಿದಿದ್ದನ್ನು ಬಾಟಲಿಗೇ ಹಾಕಿ ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಡಿ, ಎರಡು ದಿನದೊಳಗೆ ಮುಗಿಸಿ.