ಕಾರಿನೊಳಗೆ ಕೂಲೆಂಟ್ ಸೋರಿದರೆ: ಡ್ಯಾಶ್‌ಬೋರ್ಡ್ ಬಿಚ್ಚುವ ಮೊದಲು ಮಾಡಬೇಕಾದ್ದು

ಮುಂದಿನ ಸೀಟಿನ ಮ್ಯಾಟ್ ಎತ್ತಿದರೆ ಕೆಳಗೆಲ್ಲ ಒದ್ದೆ. ಮುಂಗಾಜಿನ ಒಳಮೈಗೆ ಎಣ್ಣೆ ಸವರಿದಂಥ ಮಬ್ಬು, ಒರೆಸಿದಷ್ಟೂ ಹರಡುತ್ತದೆಯೇ ಹೊರತು ಹೋಗುವುದಿಲ್ಲ. ಬ್ಲೋವರ್ ಹಾಕಿದರೆ ಮೂಗಿಗೆ ಸಿಹಿ ಘಾಟು. ಈ ಮೂರೂ ಕೂಡಿಬಂದರೆ ಹೀಟರ್ ಕೋರ್ ಕಡೆಗೆ ಗಮನ ಹರಿಸಬೇಕು. ಅದು ಡ್ಯಾಶ್‌ಬೋರ್ಡ್ ಹಿಂದೆ ಅಡಗಿರುವ ಪುಟ್ಟ ರೇಡಿಯೇಟರ್. ಎಂಜಿನ್ ತಂಪಾಗಿಡುವ ದ್ರವವಾದ ಕೂಲೆಂಟ್ ಬಿಸಿಯಾಗಿ ಎರಡು ಹೋಸ್‌ಗಳ ಮೂಲಕ ಅದರೊಳಗೆ ಬಂದು ಹೋಗುತ್ತದೆ.

ಆದರೆ ಗಮನ ಹರಿಸುವುದು ಬೇರೆ, ಬಿಚ್ಚುವುದು ಬೇರೆ. ಇಡೀ ಡ್ಯಾಶ್‌ಬೋರ್ಡ್ ಕಳಚಿ ಹೊಸ ಕೋರ್ ಹಾಕಿಸಿದ ಮರುವಾರವೇ ಮ್ಯಾಟ್ ಮತ್ತೆ ಒದ್ದೆಯಾದ ಕಾರುಗಳನ್ನು ನಾನು ನೋಡಿದ್ದೇನೆ. ಅಲ್ಲಿ ಇದ್ದದ್ದು ಕೂಲೆಂಟ್ ಅಲ್ಲವೇ ಅಲ್ಲ. ಎಸಿಯ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡು ಒಳಗೆ ಹರಿದ ನೀರು.

ಹಂತ 1: ಯಾವ ದ್ರವ?

ಬಿಳಿಯ ಟಿಶ್ಯೂ ಕಾಗದವನ್ನು ಒದ್ದೆ ಜಾಗದ ಮೇಲೆ ಅಂಗೈಯಿಂದ ಒತ್ತಿ ಹಿಡಿಯಿರಿ. ಬಣ್ಣ, ವಾಸನೆ ಎರಡೂ ಇಲ್ಲದೆ, ಎಸಿ ಹಾಕಿದ ದಿನ ಮಾತ್ರ ಒದ್ದೆಯಾಗುವುದಾದರೆ ಎಸಿ ಕೊಳವೆಯನ್ನು ಶುಚಿ ಮಾಡಿದರೆ ಸಾಕು. ಮಳೆ ಬಂದ ಮೇಲೆ ಮಾತ್ರವಾದರೆ ಬಾಗಿಲಿನ ರಬ್ಬರ್, ಮುಂಗಾಜಿನ ಬುಡ ನೋಡಿ. ಹಸಿರು, ಗುಲಾಬಿ ಅಥವಾ ಕಿತ್ತಳೆ ಬಣ್ಣ ಹತ್ತಿ, ಬೆರಳುಗಳ ನಡುವೆ ಜಾರಿದರೆ ಅದು ಕೂಲೆಂಟ್. ಹಳೆಯ ಕೂಲೆಂಟ್ ಬಣ್ಣಗೆಟ್ಟಿರಬಹುದು. ಅನುಮಾನವಿದ್ದರೆ ಕಾಗದವನ್ನು ರಾತ್ರಿಯಿಡೀ ಹಾಗೇ ಬಿಡಿ. ನೀರಾದರೆ ಬೆಳಗ್ಗೆ ಗರಿಗರಿಯಾಗಿ ಒಣಗಿರುತ್ತದೆ, ಕೂಲೆಂಟ್ ಆದರೆ ಜಿಗುಟು ಉಳಿದಿರುತ್ತದೆ. ಕೆಲವರು ನಾಲಿಗೆಗೆ ತಾಗಿಸಿ ನೋಡುತ್ತಾರೆ, ಖಂಡಿತ ಬೇಡ. ಹೆಚ್ಚಿನ ಕೂಲೆಂಟ್‌ಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಸಿಹಿಯಾಗಿರುವುದರಿಂದ ಮಕ್ಕಳು, ನಾಯಿ, ಬೆಕ್ಕುಗಳಿಗೆ ಇನ್ನೂ ಅಪಾಯ.

ಹಂತ 2: ಎಲ್ಲಿಂದ?

ಎಲ್ಲರೂ ಎಡವುವುದು ಇಲ್ಲೇ. ಕೂಲೆಂಟ್ ಎಂದು ತಿಳಿದಾಕ್ಷಣ ಕೋರ್ ಹೋಗಿದೆ ಎಂದು ತೀರ್ಮಾನಿಸಬೇಡಿ. ಹೋಸ್‌ನ ಕ್ಲಾಂಪ್ ಸಡಿಲವಾಗಿರಬಹುದು, ಕೋರ್‌ಗೆ ಪೈಪ್ ಸೇರುವಲ್ಲಿನ ಒ-ರಿಂಗ್ ಎಂಬ ರಬ್ಬರ್ ಬಳೆ ಸವೆದಿರಬಹುದು. ಇವು ಸಣ್ಣ ಕೆಲಸಗಳು.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಅಥವಾ ಕೂಲೆಂಟ್ ಡಬ್ಬಿಯ ಮುಚ್ಚಳ ತೆಗೆದು, ಪ್ರೆಶರ್ ಟೆಸ್ಟರ್ ಎಂಬ ಕೈಪಂಪನ್ನು ಆ ಜಾಗಕ್ಕೆ ಕೂರಿಸಿ. ಬಿಸಿ ಇರುವಾಗ ಮುಚ್ಚಳ ತೆಗೆದರೆ ಕುದಿವ ಕೂಲೆಂಟ್ ಮುಖಕ್ಕೇ ಚಿಮ್ಮುತ್ತದೆ. ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಡಿ, ಬಹಳಷ್ಟು ಕಾರುಗಳಲ್ಲಿ ಅದು 1 ಬಾರ್ ಆಸುಪಾಸು. 20 ನಿಮಿಷ ಕಾಯಿರಿ. ಟೆಸ್ಟರ್‌ನ ಮುಳ್ಳು ಇಳಿಯುತ್ತಿದ್ದರೆ ಟಾರ್ಚ್ ಹಿಡಿದು ಮೊದಲು ಬಾನೆಟ್ ಕಡೆಯಿಂದ, ಎರಡು ಹೋಸ್‌ಗಳು ಎಂಜಿನ್‌ಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡಿನ ಗೋಡೆಗೆ ಸೇರುವ ಜಾಗ ನೋಡಿ. ಅಲ್ಲಿ ಸೋರಿದ ಹನಿ ಪೈಪ್ ಗುಂಟ ಒಳಗೆ ಹರಿದಿರುತ್ತದೆ. ಆಮೇಲೆ ಕಾಲಿಡುವ ಜಾಗದ ಪಕ್ಕದ ಪ್ಲಾಸ್ಟಿಕ್ ಫಲಕ ಬಿಚ್ಚಿ ಪೈಪಿನ ಸಂದುಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ಉಪ್ಪುಗಟ್ಟಿದಂಥ ಬಿಳಿಯ ಪೊರೆ ಇದ್ದರೆ ಕಳ್ಳ ಅಲ್ಲೇ ಇದ್ದಾನೆ. ಸಂದುಗಳೆಲ್ಲ ಒಣಗಿದ್ದು ಹೀಟರ್ ಪೆಟ್ಟಿಗೆಯ ತಳದಿಂದ ತೊಟ್ಟಿಕ್ಕುತ್ತಿದ್ದರೆ ಮಾತ್ರ ಕೋರ್ ಬದಲಿಸಬೇಕು.

ಸೋರಿಕೆ ನಿಲ್ಲಿಸುವ ಪುಡಿ, ದ್ರಾವಣಗಳನ್ನು ನಾನು ಒಪ್ಪುವುದಿಲ್ಲ. ತೂತು ಮುಚ್ಚುವ ಅದೇ ಸರಕು ಕೋರ್‌ನ, ರೇಡಿಯೇಟರ್‌ನ ಸಣ್ಣ ನಾಳಗಳನ್ನೂ ಮುಚ್ಚೀತು. ತುರ್ತಿಗೆ ಬೇಕಿದ್ದರೆ ಎರಡು ಹೋಸ್‌ಗಳನ್ನು ಕೋರ್‌ನಿಂದ ತಪ್ಪಿಸಿ, ನಡುವೆ ಗಟ್ಟಿ ಪೈಪ್ ಕೊಟ್ಟು ಒಂದಕ್ಕೊಂದು ಜೋಡಿಸಿ ಓಡಿಸಬಹುದು. ಗಾಜಿನ ಮಂಜು ಕರಗಿಸುವ ಬಿಸಿಗಾಳಿ ಅಲ್ಲಿಯವರೆಗೆ ಸಿಗದು.

ಹಂತ 3: ಬದಲಿಸುವುದು

ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು, ಏರ್‌ಬ್ಯಾಗ್‌ಗಾಗಿ ಕಾರಿನ ಕೈಪಿಡಿ ಹೇಳಿದಷ್ಟು ಹೊತ್ತು ಕಾದು, ಕೂಲೆಂಟ್ ಇಳಿಸಿ ಬಿಚ್ಚಿ. ಎಸಿ ಪೈಪ್ ಕಳಚಬೇಕಾದ ಕಾರಾದರೆ ಎಸಿ ಅನಿಲ ಹೀರುವ ಯಂತ್ರವಿರುವ ಮೆಕ್ಯಾನಿಕ್‌ಗೇ ಬಿಡಿ. ಅಂಟಿಕೊಂಡ ಹೋಸನ್ನು ತಿರುಚಿ ಎಳೆದರೆ ಪೈಪೇ ಮುರಿಯುತ್ತದೆ. ಉದ್ದಕ್ಕೆ ಸೀಳಿ ತೆಗೆದು ಹೊಸ ಹೋಸ್ ಹಾಕಿ. ಒ-ರಿಂಗ್‌ಗಳೂ ಹೊಸವೇ ಇರಲಿ, ಕೂಲೆಂಟ್‌ನಲ್ಲಿ ಅದ್ದಿ ಕೂರಿಸಿ. ಡ್ಯಾಶ್‌ಬೋರ್ಡ್ ಮರಳಿ ಜೋಡಿಸುವ ಮೊದಲೇ ಕೂಲೆಂಟ್ ತುಂಬಿ ಇನ್ನೊಮ್ಮೆ ಒತ್ತಡ ಕೊಟ್ಟು ನೋಡಿ. ಮಡಚಿ ಕೂತ ಒಂದು ಒ-ರಿಂಗ್‌ಗಾಗಿ ಅಷ್ಟನ್ನೂ ಮತ್ತೆ ಬಿಚ್ಚಿದವರಿದ್ದಾರೆ.

ಹಂತ 4: ಗಾಳಿ ತೆಗೆಯುವುದು

ತುಂಬುವ ಕೂಲೆಂಟ್ ಕೈಪಿಡಿಯಲ್ಲಿ ಹೇಳಿದ ಜಾತಿಯದೇ ಆಗಿರಲಿ. ನೀರು ಬೆರೆಸದ ಗಟ್ಟಿ ದ್ರಾವಣವಾಗಿ ಸಿಗುವುದಾದರೆ ಡಿಸ್ಟಿಲ್ಡ್ ನೀರಿನ ಜೊತೆ ಸಮಪಾಲು ಬೆರೆಸಿ, ನಲ್ಲಿ ನೀರು ಬೇಡ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಮುಚ್ಚಳ ತೆರೆದಿಟ್ಟು, ತಣ್ಣಗಿರುವಾಗಲೇ ಎಂಜಿನ್ ಚಾಲೂ ಮಾಡಿ. ಗುಳ್ಳೆಗಳು ನಿಂತು, ಬಿಸಿಗಾಳಿ ಒಂದೇ ಸಮ ಬರುವವರೆಗೆ ಮಟ್ಟ ನೋಡುತ್ತಾ ತುಂಬಿ. ಡ್ಯಾಶ್‌ಬೋರ್ಡ್ ಹಿಂದೆ ಗೊಳಗೊಳ ಸದ್ದು ಬಂದರೆ ಇನ್ನೂ ಗಾಳಿ ಇದೆ.

ಹಂತ 5: ನೆಲಹಾಸು

ಕೆಳಗಿನ ಫೋಮ್ ಕೂಲೆಂಟ್ ಹೀರಿಕೊಂಡಿರುತ್ತದೆ, ತಾನಾಗಿ ಒಣಗುವುದಿಲ್ಲ. ಸೀಟು ಬಿಚ್ಚಿ, ನೆಲಹಾಸು ಎತ್ತಿ, ಬಿಸಿನೀರಿನಲ್ಲಿ ಎರಡು ಮೂರು ಸಲ ತೊಳೆದು ಬಿಸಿಲಿಗೆ ಹಾಕಿ. ಗಾಜನ್ನು ಸೋಪಿನ ನೀರಿನಿಂದ ಒರೆಸಿ. ಇದನ್ನು ಬಿಟ್ಟವರ ಕಾರಿನಲ್ಲಿ ಮಬ್ಬೂ ವಾಸನೆಯೂ ಹಾಗೇ ಉಳಿದು, ರಿಪೇರಿ ಸರಿಯಾಗಿಲ್ಲವೆಂದು ಅವರು ಮತ್ತೆ ಗ್ಯಾರೇಜಿಗೆ ಹೋಗುತ್ತಾರೆ. ಮುಂದಿನ ಒಂದು ವಾರ ದಿನವೂ ಬೆಳಗ್ಗೆ, ಎಂಜಿನ್ ಚಾಲೂ ಮಾಡುವ ಮೊದಲು, ಕೂಲೆಂಟ್ ಡಬ್ಬಿಯ ಗೆರೆ ನೋಡಿ ಗುರುತು ಹಾಕಿಕೊಳ್ಳಿ.