ಇಂಗ್ಲೆಂಡಿನಲ್ಲಿ ಎಚ್‌ಐವಿ ಚಿಕಿತ್ಸೆ: ವೀಸಾ ಯಾವುದೇ ಇರಲಿ, ಬಿಲ್ ಇಲ್ಲ

ಇಲ್ಲಿಗೆ ಓದಲು, ಕೆಲಸಕ್ಕೆ ಬರುವ ಮುಂಚೆ ಊರಲ್ಲಿ ಎದೆಯ ಎಕ್ಸ್‌ರೇ ತೆಗೆಸಿದ್ದು ನೆನಪಿದೆ ಅಲ್ವಾ? ಅದು ಟಿಬಿಗಾಗಿ. ವೀಸಾಕ್ಕೆ ಎಚ್‌ಐವಿ ಪರೀಕ್ಷೆ ಕೇಳುವುದಿಲ್ಲ. ಆದರೂ ಪಾಸಿಟಿವ್ ಬಂದರೆ ವೀಸಾ ಹೋಗುತ್ತೆ, ಸಾವಿರಾರು ಪೌಂಡ್ ಬಿಲ್ ಬರುತ್ತೆ ಅಂತ ಹೆದರುವವರಿದ್ದಾರೆ. ಎರಡೂ ಸುಳ್ಳು.

ಬಿಲ್ಲಿನ ಭಯ ಮಾತ್ರ ಹಿಂದೆ ನಿಜವೇ ಆಗಿತ್ತು. ಪರೀಕ್ಷೆ ಪುಕ್ಕಟೆ, ಮದ್ದಿಗೆ ಹೊರದೇಶದ ಕೆಲವರಿಂದ ದುಡ್ಡು! ರೋಗ ಇದೆ ಅಂತ ಹೇಳಿ ಬಾಗಿಲು ಹಾಕಿದ ಹಾಗೆ. 2012ರ ಅಕ್ಟೋಬರ್ 1ಕ್ಕೆ ಆ ನಿಯಮ ಹೋಯಿತು. ಇದರಿಂದ ಎಲ್ಲರಿಗೂ ಒಳ್ಳೆಯದೇ. ಮದ್ದು ತಪ್ಪದೆ ತಗೊಂಡು, ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದರೆ ಲೈಂಗಿಕ ಸಂಪರ್ಕದಿಂದ ಅದು ಹರಡುವುದಿಲ್ಲ. ಒಬ್ಬರಿಗೆ ಕೊಟ್ಟ ಮಾತ್ರೆ ಇನ್ನೊಬ್ಬರನ್ನೂ ಕಾಯುತ್ತದೆ. ಈಗ ವಿದ್ಯಾರ್ಥಿಗೂ, ಮೊಮ್ಮಗುವನ್ನು ನೋಡಲು ಬಂದ ಅಜ್ಜಿಗೂ, ವೀಸಾ ಮುಗಿದವರಿಗೂ ಎನ್‌ಎಚ್‌ಎಸ್‌ನಲ್ಲಿ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಎಚ್‌ಐವಿ ಚಿಕಿತ್ಸೆ ಪುಕ್ಕಟೆ. (ಅಜ್ಜಿಯ ಮಂಡಿ ಆಪರೇಷನ್‌ಗೆ ಬಿಲ್ ಬರುತ್ತೆ, ಅದು ಬೇರೆ ಕತೆ.)

ಪರೀಕ್ಷೆಗೆ ಜಿಪಿ, ಅಂದರೆ ಇಲ್ಲಿನ ನಿಮ್ಮ ಮಾಮೂಲಿ ಡಾಕ್ಟರ್, ಚೀಟಿ ಬೇಕಿಲ್ಲ. ನೇರವಾಗಿ ಸೆಕ್ಷುಯಲ್ ಹೆಲ್ತ್ ಕ್ಲಿನಿಕ್‌ಗೆ ಹೋಗಿ. ನಿಜವಾದ ಹೆಸರನ್ನೇ ಹೇಳಬೇಕೆಂದಿಲ್ಲ, ನೀವು ಒಪ್ಪದೆ ಜಿಪಿಗೂ ತಿಳಿಸುವುದಿಲ್ಲ. ಕನ್ನಡ ಸಂಘದವರು ಯಾರಾದರೂ ಕಂಡುಬಿಟ್ಟರೆ ಅನ್ನುವ ಚಿಂತೆಯೇ? ಪಕ್ಕದ ಊರಿನ ಕ್ಲಿನಿಕ್ ಆದರೂ ಆಗುತ್ತದೆ. ಹಲವು ಕಡೆ ಪರೀಕ್ಷೆಯ ಕಿಟ್ ಅಂಚೆಯಲ್ಲೇ ಬರುತ್ತದೆ. ಬೆರಳು ಚುಚ್ಚಿ ಪುಟ್ಟ ಟ್ಯೂಬ್ ತುಂಬಿಸಬೇಕು. ಚಳಿಗಾಲದಲ್ಲಿ ರಕ್ತ ಇಳಿಯುವುದೇ ಇಲ್ಲ, ಮೊದಲು ಬಿಸಿನೀರಲ್ಲಿ ಕೈ ಇಟ್ಟುಕೊಳ್ಳಿ. ಸೋಂಕು ಬರದಂತೆ ಮುಂಚೆಯೇ ತಗೊಳ್ಳುವ ಪ್ರೆಪ್ ಮಾತ್ರೆಯನ್ನೂ ಇದೇ ಕ್ಲಿನಿಕ್ ಕೊಡುತ್ತದೆ. ಈಗಾಗಲೇ ಎಡವಟ್ಟಾಗಿ ಸೋಂಕು ತಗುಲಿರಬಹುದು ಅನಿಸಿದರೆ ಪೆಪ್ ಕೇಳಿ, ಅದು ಆಮೇಲೆ ತಗೊಳ್ಳುವ ಮಾತ್ರೆ. 72 ಗಂಟೆಯೊಳಗೆ ಶುರುಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಕ್ಲಿನಿಕ್ ಮುಚ್ಚಿದ್ದರೆ ಸುಮ್ನೆ ಕಾಯಬೇಡಿ, ಆಸ್ಪತ್ರೆಯ ತುರ್ತು ವಿಭಾಗ (ಎ ಅಂಡ್ ಇ) ಇದೆ.

ಕೆಲಸದ ವಿಷಯ. 2010ರ ಈಕ್ವಾಲಿಟಿ ಆಕ್ಟ್ (ಸಮಾನತೆಯ ಕಾನೂನು) ಪ್ರಕಾರ ಎಚ್‌ಐವಿ ಗೊತ್ತಾದ ದಿನದಿಂದಲೇ ನಿಮಗೆ ತಾರತಮ್ಯದಿಂದ ರಕ್ಷಣೆ. ಆಫರ್ ಕೊಡುವ ಮುಂಚೆ ಆರೋಗ್ಯದ ಪ್ರಶ್ನೆ ಕೇಳಲು ಕೆಲವೇ ಸಂದರ್ಭದಲ್ಲಿ ಅವಕಾಶ.

ಊರಿನ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರದಲ್ಲಿ ಈಗಾಗಲೇ ಮಾತ್ರೆ ತಗೊಳ್ಳುತ್ತಿರುವವರು ಬರುವಾಗ ಕೆಲವು ತಿಂಗಳ ಮಾತ್ರೆ, ರಕ್ತಪರೀಕ್ಷೆಯ ವರದಿ, ಮಾತ್ರೆ ಡಬ್ಬಿಯ ಫೋಟೋ ಜೊತೆಗಿಟ್ಟುಕೊಳ್ಳಿ. ಬಂದ ವಾರವೇ ಕ್ಲಿನಿಕ್‌ಗೆ ಫೋನ್ ಮಾಡಿ. ಡಬ್ಬಿ ಖಾಲಿಯಾಗುವ ತನಕ ಕಾಯಬೇಡಿ.