ಚಿನ್ನದ ಶೋಧದ ಕಾಲದ ನ್ಯಾಯಾಧೀಶರೊಬ್ಬರ ಜೀವನವನ್ನು ಬರೆಯುವ ಬಗೆ

ಸ್ಟೀಫನ್ ಫೀಲ್ಡ್ 1849ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹಡಗಿಳಿದು, ಮರುತಿಂಗಳೇ ಮೇರಿಸ್‌ವಿಲ್ ಎಂಬ ಹೊಸ ಊರಿನ ಅಲ್ಕಾಲ್ಡೆಯಾದರು. 1857ರಲ್ಲಿ ಕ್ಯಾಲಿಫೋರ್ನಿಯ ರಾಜ್ಯದ ಸುಪ್ರೀಂ ಕೋರ್ಟಿಗೆ ಚುನಾಯಿತರಾದರು. ಇಂಥವರ ಜೀವನವನ್ನು ಬರೆಯಲು ಹೊರಡುವವರು ಮೊದಲು ಆ ಕಾಲದ ಹುದ್ದೆಗಳ ಅರ್ಥವನ್ನು ಖಚಿತಪಡಿಸಿಕೊಳ್ಳಬೇಕು. ಅಲ್ಕಾಲ್ಡೆ ಎಂಬುದು ಮೆಕ್ಸಿಕೊ ಆಡಳಿತದಿಂದ ಉಳಿದುಬಂದ ಪದವಿಯಾಗಿದ್ದು, ಊರಿನ ಆಡಳಿತವೂ ನ್ಯಾಯದಾನವೂ ಒಬ್ಬನ ಕೈಯಲ್ಲೇ ಇರುತ್ತಿದ್ದವು. ಅದನ್ನು ಬರೀ ‘ಮೇಯರ್’ ಎಂದು ಬರೆದರೆ ಅರ್ಧ ಸಂಗತಿ ಕಳೆದುಹೋಗುತ್ತದೆ.

ನೆನಪು ಮತ್ತು ದಾಖಲೆಗಳನ್ನು ಎದುರುಬದುರು ಇಟ್ಟು ಓದುವುದು ಈ ಕೆಲಸದ ತಿರುಳು. ಜಿಲ್ಲಾ ನ್ಯಾಯಾಧೀಶ ವಿಲಿಯಂ ಟರ್ನರ್ 1850ರಲ್ಲಿ ತಮ್ಮ ವಕೀಲಿ ಸನ್ನದನ್ನು ಕಿತ್ತುಕೊಂಡ ಪ್ರಸಂಗವನ್ನು ಫೀಲ್ಡ್ 1877ರಲ್ಲಿ, ಎಂದರೆ ಇಪ್ಪತ್ತೇಳು ವರ್ಷಗಳ ಬಳಿಕ, ಹೇಳಿ ಬರೆಸಿದರು. ಅಷ್ಟು ಕಾಲ ಕಳೆದರೂ ಆ ಮಾತುಗಳಲ್ಲಿ ನೋವು ಆರಿಲ್ಲ. ಆದ್ದರಿಂದ ಅವರ ಸನ್ನದನ್ನು ಮರಳಿ ಕೊಡಿಸಿದ ರಾಜ್ಯದ ಸುಪ್ರೀಂ ಕೋರ್ಟಿನ ಆದೇಶವನ್ನು, ಆ ಕೋರ್ಟಿನ ತೀರ್ಪುಗಳ ಸಂಗ್ರಹವಾದ ಕ್ಯಾಲಿಫೋರ್ನಿಯ ವರದಿಗಳ ಮೊದಲ ಸಂಪುಟದಲ್ಲಿ ಓದಿರಿ. ಮರುವರ್ಷ ಶಾಸಕರಾಗಿ ಅವರೇ ತಂದ ನ್ಯಾಯಾಂಗ ಮಸೂದೆಯು ಟರ್ನರ್ ಅವರನ್ನು ದೂರದ ಉತ್ತರ ಜಿಲ್ಲೆಗೆ ಕಳುಹಿಸಿತೆಂಬುದನ್ನೂ ಜೊತೆಗಿಡಿರಿ. ಆಗ ಗಾಯಗೊಂಡವನೂ ಗಾಯ ಮಾಡಬಲ್ಲವನೂ ಒಬ್ಬನೇ ಎಂಬುದು ಓದುಗನಿಗೆ ತಾನಾಗಿಯೇ ಕಾಣುತ್ತದೆ.

ಮುಖ್ಯ ನ್ಯಾಯಾಧೀಶ ಡೇವಿಡ್ ಟೆರಿ 1859ರಲ್ಲಿ ಸೆನೆಟರ್ ಬ್ರಾಡರಿಕ್ ಅವರನ್ನು ದ್ವಂದ್ವಯುದ್ಧದಲ್ಲಿ ಕೊಂದದ್ದಕ್ಕೆ ಒಂದು ವಾಕ್ಯ ಸಾಕು. ಟೆರಿ ಬಿಟ್ಟ ಮುಖ್ಯ ನ್ಯಾಯಾಧೀಶರ ಪೀಠಕ್ಕೆ ಫೀಲ್ಡ್ ಏರಿದರು. ಹೆಚ್ಚಿನ ಜಾಗವನ್ನು ನೆಲ ಮತ್ತು ಗಣಿಯ ವ್ಯಾಜ್ಯಗಳಿಗೆ ಮೀಸಲಿಡಬೇಕು. ಗಣಿಗಾರರು ತಮ್ಮತಮ್ಮಲ್ಲಿ ಮಾಡಿಕೊಂಡ ಕಟ್ಟುಪಾಡುಗಳನ್ನು ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸಬೇಕೆಂಬ ನಿಯಮವನ್ನು 1851ರ ಸಿವಿಲ್ ಪ್ರಕ್ರಿಯಾ ಕಾಯ್ದೆಯಲ್ಲಿ ಸೇರಿಸಿದವರು ಫೀಲ್ಡ್. ಅದೇ ಫೀಲ್ಡ್ 1859ರಲ್ಲಿ, ದೊಡ್ಡ ಜಮೀನುದಾರ ಫ್ರೆಮಾಂಟ್ ಅವರ ಮಾರಿಪೋಸ ಎಂಬ ಚಿನ್ನದ ಜಮೀನಿನ ಮೊಕದ್ದಮೆಯಲ್ಲಿ, ಖಾಸಗಿ ನೆಲಕ್ಕೆ ನುಗ್ಗಿ ಚಿನ್ನ ಅಗೆಯಲು ಯಾರಿಗೂ ಸಾಮಾನ್ಯ ಪರವಾನಗಿಯಿಲ್ಲವೆಂದು ತೀರ್ಪಿತ್ತರು. ಇವೆರಡನ್ನೂ ಒಂದೇ ಪುಟದಲ್ಲಿ ತಂದು ವಿವರಿಸದಿದ್ದರೆ ಆ ಮನುಷ್ಯನ ಯೋಚನೆ ನಿಲುಕುವುದಿಲ್ಲ.

ಭಿನ್ನಮತದ ತೀರ್ಪುಗಳನ್ನು ಎಂದೂ ಬಿಡಬೇಡಿರಿ, ಅವುಗಳ ಮುಂದಿನ ಗತಿಯನ್ನೂ ಹಿಂಬಾಲಿಸಿರಿ. ಭಾನುವಾರ ಅಂಗಡಿ ಮುಚ್ಚಿಸುವ ಕಾನೂನನ್ನು ಸ್ಯಾಕ್ರಮೆಂಟೊದ ಯಹೂದಿ ವರ್ತಕ ನ್ಯೂಮನ್ ಪ್ರಶ್ನಿಸಿದಾಗ, 1858ರಲ್ಲಿ ಬಹುಮತವು ಅದನ್ನು ರದ್ದುಗೊಳಿಸಿತು. ಫೀಲ್ಡ್ ಒಬ್ಬರೇ ಒಪ್ಪಲಿಲ್ಲ. ನನ್ನ ಮನಸ್ಸು ನ್ಯೂಮನ್ ಪರವಾಗಿಯೇ ಇದೆ, ಆದರೂ 1861ರಲ್ಲಿ ಅದೇ ನ್ಯಾಯಾಲಯ ಫೀಲ್ಡ್ ಅವರ ನಿಲುವಿಗೆ ಬಂದು ಸೇರಿತೆಂಬುದನ್ನು ಅಷ್ಟೇ ಸ್ಪಷ್ಟವಾಗಿ ಬರೆಯಬೇಕಾಗುತ್ತದೆ.